ಅಕ್ಕಡಿ ಸಾಲಿನ ಹಿಂದೆ ಮಗಳು

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ನಮ್ಮೂರು ಕುಬಿಹಾಳದ ಸುತ್ತ ಬಿತ್ತನೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಆದರೆ ಕೊರೋನಾದ ಎರಡನೇ ವರ್ಷ ಮಗಳು ಎದುರು ಕುಳಿತು, "ಅಪ್ಪಾ, ನಾ ಕಾಲೇಜ್ ಬಿಡ್ತೀನಿ. ಅರ್ಧಾ ಹಾಳಿ ಓದೂದ್ರಾಗ ಮನಸ್ಸು ಎಲ್ಲೋ ಹೊಕ್ಕೈತಿ" ಎಂದಾಗ ನನ್ನ ಬಿತ್ತನೆಯ ಜಾಣತನ ಕೆಲಸಕ್ಕೆ ಬರಲಿಲ್ಲ.

ಅವಳದು ಬಿ.ಎ. ಕಡೆಯ ವರ್ಷ. ಹುಬ್ಬಳ್ಳಿಯ ಕಾಲೇಜು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಿತ್ತು. ನೆಟ್‌ವರ್ಕ್ ಸಿಗುತ್ತದೆಂದು ಮಾಳಿಗೆಯ ಮೇಲೆ ಕೂತವಳ ಬೆರಳು ಪಾಠ ಬಿಟ್ಟು ಬೇರೆಲ್ಲೋ ಜಾರುತ್ತಿತ್ತು. ನಿದ್ದೆ ಕೆಟ್ಟಿತ್ತು. ಗೆಳತಿಯರ ಮುಖ ಕಂಡು ವರ್ಷವಾಗಿತ್ತು.

ಹೆಸರುಕಾಳು ಬಿತ್ತುವಾಗ ಎತ್ತು ಎಳೆಯುವ ಕೂರಿಗೆಯ ಹಿಂದೆ ಹಗ್ಗ ಕಟ್ಟಿ ಎಳೆಯುವ ಒಂಟಿ ಕೊಳವೆಗೆ ತೊಗರಿ ಬಿಡುವುದನ್ನು ನಾವು ಅಕ್ಕಡಿ ಹಾಕುವುದು ಎನ್ನುತ್ತೇವೆ. ಅದು ಹೆಂಗಸರ ಕೈಯ ಕೆಲಸ. ಎತ್ತಿನ ನಡಿಗೆಗೆ ಸರಿಯಾಗಿ ಕಾಳು ಬೀಳಬೇಕು. ಆ ಮುಂಗಾರಿಗೆ ಹೆಂಡತಿ ಜ್ವರದಿಂದ ಎದ್ದಿದ್ದಳಷ್ಟೆ. "ನಾ ಹಾಕ್ತೀನಿ" ಎಂದು ಮಗಳೇ ವೇಲು ಸೊಂಟಕ್ಕೆ ಬಿಗಿದಳು.

ಮೊಳಕೆ ಎದ್ದಾಗ ಹೆಸರು ಚೆನ್ನಾಗಿತ್ತು, ತೊಗರಿ ಸಾಲು ಮಾತ್ರ ಅಲ್ಲಲ್ಲಿ ಬರಿದು. ಬಾಜು ಹೊಲದವನು ಬದುವಿನ ಮೇಲೆ ನಿಂತು, "ಏನ್ ಕಾಕಾ, ನಿನ್ನ ತೊಗರಿ ಸಾಲಿಂದು ಹಲ್ಲ ಉದುರ್ಯಾವಲ್ಲೋ!" ಎಂದು ನಕ್ಕ. ನನಗೆ ಸಿಟ್ಟು ಬಂತು. ಮಗಳು, "ಹೌದ್ರಿ ಅಣ್ಣಾ, ನಾಳಿಂದ ಕಟ್ಟಸ್ತೀನ್ರಿ" ಎಂದಳು.

ಮರುದಿನ ಬೆಳಗ್ಗೆ ನೆನೆಸಿದ ಕಾಳು ಹಿಡಿದು ಬಂದು, ಬರಿದಾದಲ್ಲೆಲ್ಲ ಬೆರಳಿನಿಂದ ಕುಳಿ ಮಾಡಿ ಊರತೊಡಗಿದಳು. ಆಳು ಹಚ್ಚುತ್ತೇನೆ ಎಂದೆ.

"ಬ್ಯಾಡಪಾ. ನನ್ನ ಮನಸ್ಸು ಎಲ್ಲೆಲ್ಲಿ ತಪ್ಪಿತ್ತು ಅಂತ ಇಲ್ಲಿ ಕಾಣಾಕ ಹತ್ತೈತಿ. ಇಷ್ಟ ದಿನ ನಾ ಪೂರಾ ದಡ್ಡಿ ಆಗೇನಿ ಅಂತ ತಿಳ್ಕೊಂಡಿದ್ದೆ."

ಓದನ್ನೂ ಹಾಗೆಯೇ ಹಿಡಿದಳು. ಮಧ್ಯಾಹ್ನ ಒಂದು ಪುಟ ಓದಿ ಅವ್ವನಿಗೆ ಹೇಳುವುದು, ಎಲ್ಲಿ ತಪ್ಪಿತೋ ಅಲ್ಲಿಂದ ಮತ್ತೆ ಓದುವುದು. "ನಿನ್ನ ರಾಜರ ಕತಿ ಕೇಳಿ ನನಗ ಮತ್ತ ಜ್ವರ ಬಂತು ಬೇ" ಎಂದು ಅವ್ವ ಗೊಣಗಿದರೂ ಬಿಡಲಿಲ್ಲ. ಪುಸ್ತಕ ಎಸೆದು ಅತ್ತ ದಿನಗಳೂ ಇದ್ದವು. ಬಿಸಿಲಿನಲ್ಲಿ ಬೆವರು ಸುರಿಸುವುದೇ ದುಡಿಮೆ ಎನ್ನುತ್ತಿದ್ದ ನಾನು ಅವಳ ದುಡಿಮೆ ನೋಡಿ, ಓದಲು ಕೂತಾಗ ಅವಳನ್ನು ಹೊಲಕ್ಕೆ ಕರೆಯುವುದನ್ನು ಬಿಟ್ಟೆ.

ಪರೀಕ್ಷೆಗೆಂದು ಕಾಲೇಜು ತೆರೆದ ಮೊದಲ ದಿನ ಗೇಟಿನ ಹೊರಗೆ ಕಾದೆ. ಹೊರಗೆ ಬಂದವಳ ಕೈಯೆಲ್ಲ ಶಾಯಿ.

"ಹೆಂಗ ಆತ ಯವ್ವಾ?"

"ಪಾಸಾಗೂದು ಗೊತ್ತಿಲ್ಲಪಾ. ಆದ್ರ ಎಲ್ಲಾ ಪ್ರಶ್ನಿ ಕಡೀತನಕಾ ಓದಿದೆ."