ಎಸ್ತೇರಳ ಹಿಡಿ ಅಕ್ಕಿ

ಕಾಶಿಯ ಸೋನಾರ್‌ಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಎಸ್ತೇರ್ ಗದಗ-ಬೆಟಗೇರಿ ಕಡೆಯ ಕ್ರೈಸ್ತರ ಹುಡುಗಿ. ಹುಡುಗಿ ಅಂದೆನಲ್ಲ, ಐವತ್ತು ದಾಟಿದೆ. ರೈಲ್ವೆಯಲ್ಲಿದ್ದ ಗಂಡನ ಜೊತೆ ಕಾಶಿಗೆ ಬಂದವಳು, ಆತ ತೀರಿಕೊಂಡ ಮೇಲೂ ಇಲ್ಲೇ ಉಳಿದಳು. ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಪುರೋಹಿತರ ಮನೆಯಲ್ಲಿ ಕ್ರೈಸ್ತರಿಗೆ ಜಾಗವೇ ಅಂತ ಮೂಗು ಮುರಿದವರಿದ್ದರು. "ನಮ್ಮ ಯಜಮಾನರು ಕೆಳಗೆ ಮಂತ್ರ ಹೇಳ್ತಾರೆ, ಅವಳು ಮೇಲೆ ಪ್ರಾರ್ಥನೆ ಮಾಡ್ತಾಳೆ, ನಡುವೆ ನಿಮಗೇನ್ರೀ ಹೊಟ್ಟೆನೋವು?" ಅಂತ ನಾನೇ ಅವರ ಬಾಯಿ ಮುಚ್ಚಿಸಿದೆ. ಇಷ್ಟು ದೊಡ್ಡ ಊರಲ್ಲಿ ಕನ್ನಡದಲ್ಲಿ ಜಗಳ ಆಡೋದಕ್ಕಾದರೂ ಒಬ್ಬಳು ಬೇಡವೇ?

ಡಿಸೆಂಬರ್ ಬಂತೆಂದರೆ ಅವಳ ಭಕ್ತಿ ಜ್ವರದ ಹಾಗೆ ಏರುತ್ತದೆ. ಮಹಡಿಗೆ ಕಾಗದದ ನಕ್ಷತ್ರ, ಬೆಳಿಗ್ಗೆ ಬೈಬಲ್, ಸಂಜೆ ಹಾಡು. ಹೋದ ಡಿಸೆಂಬರಿನಲ್ಲಿ ಹಿಡಿ ಅಕ್ಕಿಯನ್ನೂ ಶುರು ಮಾಡಿದಳು. ಅವಳ ತಾಯಿಯ ಕಾಲದ ಪದ್ಧತಿಯಂತೆ ಅದು. ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಹಾಕುವಾಗ, ಅದು ಯಾರಿಗೆ ಸೇರಬೇಕೋ ಅವರ ಹೆಸರು ಹಿಡಿದು ಪ್ರಾರ್ಥಿಸಬೇಕು. ಎಸ್ತೇರ್ ಹೇಳುತ್ತಿದ್ದ ಹೆಸರು ತಾರಾದೇವಿಯವರದು.

ತಾರಾದೇವಿ ನಮ್ಮವರೇ, ಧಾರವಾಡದ ಕಡೆಯವರು. ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದು, ನಮ್ಮ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಿರುವ ಮುದುಕಿ. ಮಡಿ ಅಡುಗೆಯ ಛತ್ರವೊಂದರಲ್ಲಿ ಮಧ್ಯಾಹ್ನದ ಊಟ. ಎಸ್ತೇರ್ ಬೇಯಿಸಿದ್ದನ್ನು ಅವರು ಸುತರಾಂ ಮುಟ್ಟುವವರಲ್ಲ, ಆದರೆ ಅಕ್ಕಿಗೆಂಥ ಮೈಲಿಗೆ? ಖುಷಿಯಿಂದ ಇಸಿದುಕೊಂಡರು. ಹಿಡಿ ಅಕ್ಕಿ ಅಂತ ಹೆಸರಷ್ಟೆ, ಪ್ರತಿ ಭಾನುವಾರ ಎಸ್ತೇರ್ ಬೇಳೆ, ಬೆಲ್ಲ ಸೇರಿಸಿ ಚೀಲ ತುಂಬಿಯೇ ಒಯ್ಯುತ್ತಿದ್ದಳು. "ಇನ್ನ ಮ್ಯಾಲೆ ನಿಮ್ಮ ಅಕ್ಕಿ ನನ್ನ ಜವಾಬ್ದಾರಿ ಅಜ್ಜಿ" ಅಂತ ಮಾತೂ ಕೊಟ್ಟಳು. ಆ ಮಾತು ನಂಬಿ ಮುದುಕಿ ಏನು ಮಾಡಬೇಕು! ಛತ್ರಕ್ಕೆ ಹೋಗಿ, "ನನಗ ಮನೀಗೇ ಅಕ್ಕಿ ಬರ್ತದ, ನನ್ನ ಊಟ ಇಲ್ಲದವರಿಗೆ ಹಾಕ್ರಿ" ಅಂತ ತಮ್ಮ ಪಾಸು ಬಿಟ್ಟುಕೊಟ್ಟು ಬಂದರು. ಎಸ್ತೇರಿಗೆ ಅದೂ ಗೊತ್ತಿತ್ತು. ಕ್ರಿಸ್ಮಸ್ಸಿನ ದಿನ ನನ್ನ ಮುಂದೆ ಹೇಳಿಕೊಂಡು ಹಿಗ್ಗಿದ್ದಳು.

ಹೊಸ ವರ್ಷ ಕಳೆಯಿತು. ನಾವು ಸಂಕ್ರಾಂತಿಗೆ ಊರಿಗೆ ಹೋದೆವು. ಇಲ್ಲಿ ಮೂಳೆ ಕೊರೆಯುವ ಚಳಿ, ಮಂಜು, ಆಸ್ಪತ್ರೆಯಲ್ಲಿ ರಜೆ ಹಾಕಿದವರ ಪಾಳಿಯೂ ಇವಳ ತಲೆಗೇ. ಮನೆಗೆ ಬಂದರೆ ಕುಕ್ಕರ್ ಇಟ್ಟು ಮಲಗುವುದು. ಬೈಬಲ್ ಕಪಾಟು ಸೇರಿತು. ಕ್ರಿಸ್ಮಸ್ಸಿಗೆ ಮಾಡಿ ಉಳಿದ ಚಕ್ಕುಲಿ ಮೆತ್ತಗಾಗದಿರಲೆಂದು ಹಿಡಿ ಅಕ್ಕಿಯ ಡಬ್ಬಿಯಲ್ಲೇ ತುಂಬಿಟ್ಟಳು. ಬರುವ ಭಾನುವಾರ ಹೋದರಾಯಿತು ಅಂದುಕೊಂಡಳಂತೆ. ಭಾನುವಾರ ಬಂದರೆ ಚರ್ಚಿಗೇ ಹೋಗಲು ಬೇಜಾರು.

ನಾನು ಊರಿಂದ ಬಂದವಳು ಎಳ್ಳು-ಬೆಲ್ಲ ಕೊಡುತ್ತ ಸುಮ್ಮನೆ ಕೇಳಿದೆ, "ತಾರಾದೇವಿ ಹೇಗಿದ್ದಾರೇ?" ಅವಳ ಮುಖ ಬಿಳುಚಿಕೊಂಡಿತು. ಮೇಲೆ ಓಡಿ, ಅಕ್ಕಿಯ ಚೀಲ ಎತ್ತಿಕೊಂಡು ಬರಿಗಾಲಲ್ಲೇ ಗಲ್ಲಿಗಿಳಿದಳು. ನಾನು ಹಿಂದಿನಿಂದ ಕೂಗಿದ್ದೂ ಕೇಳಿಸಲಿಲ್ಲ.

ಸಂಜೆ ಹೊತ್ತಿಗೆ ವಾಪಸು ಬಂದು ನಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಅಳುತ್ತ ಅಳುತ್ತ ಹೇಳಿದಳು. ಮುದುಕಿ ರಗ್ಗು ಹೊದ್ದು ಗೋಡೆಗೆ ಒರಗಿದ್ದರಂತೆ. ಅಕ್ಕಿ ಮುಗಿದು ಎಷ್ಟೋ ದಿನವಾಗಿತ್ತು, ಮಂಡಕ್ಕಿ ನೀರಲ್ಲಿ ನೆನೆಸಿ ತಿಂದು ದಿನ ದೂಡಿದ್ದರು. ಬಿಟ್ಟುಕೊಟ್ಟ ಊಟವನ್ನು ಮತ್ತೆ ಕೇಳಲು ಮಾನ ಅಡ್ಡ ಬಂದಿತ್ತು. ಇವಳು ಚೀಲ ಕೆಳಗಿಟ್ಟರೆ, ಎದ್ದು ಅಕ್ಕಿ ತೊಳೆಯಲೂ ಅವರಿಗೆ ತ್ರಾಣವಿಲ್ಲ. "ನೀನೇ ಒಲಿ ಹಚ್ಚವಾ" ಅಂದರಂತೆ.

"ಬ್ಯಾಡ ಅಜ್ಜಿ, ಪದ್ಮಕ್ಕನ್ನ ಕರಕೊಂಡು ಬರ್ತೀನಿ" ಅಂದಳಂತೆ ಇವಳು. ಪದ್ಮಕ್ಕ ಅಂದರೆ ನಾನೇ.

"ಅಲ್ಲೀತನಕಾ ತಡಕೊಳ್ಳಾಕ ಆಗೂದಿಲ್ಲ. ಮಡಿ ಹಾಳಾಗಿ ಹೋಗಲಿ, ಬೇಯಿಸು."

ಅಯ್ಯೋ ಶಿವನೇ! ನನ್ನ ಕೈಯ ನೀರನ್ನೂ ಎರಡು ಸಲ ಯೋಚಿಸಿ ಕುಡಿಯುವ ಹೆಂಗಸು ಅದು. ಎಸ್ತೇರ್ ಗಂಜಿ ಮಾಡಿ ತುತ್ತು ತುತ್ತಾಗಿ ಕುಡಿಸಿದಳು. ಕುಡಿದ ಮೇಲೆ ಮುದುಕಿಯ ಕಣ್ಣಿಗೆ ಸ್ವಲ್ಪ ಜೀವ ಬಂತು. ಆಗ ಇವಳು ಅವರ ಕಾಲು ಹಿಡಿದು ಕೇಳಿದಳು, "ಯಾಕ ಹೇಳಿ ಕಳಿಸಲಿಲ್ಲ ಅಜ್ಜಿ? ನನಗ ಬೈಯಾಕರೆ ಕರೀಬೇಕಿತ್ತು."

ತಾರಾದೇವಿ ಬೈಯಲಿಲ್ಲ. ಅವರಿಗೆ ಸಿಟ್ಟೇ ಇರಲಿಲ್ಲ. ಇವಳ ತಲೆ ಸವರಿ ಅಂದರಂತೆ, "ನಿಮ್ಮ ಹಬ್ಬ ಮುಗೀತಲ್ಲವಾ. ಇನ್ನ ಬರೋ ಹಬ್ಬಕ್ಕ ಬರ್ತೀ ಅಂತ ಇದ್ದೆ."

ಎಸ್ತೇರ್ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವರು ತಪ್ಪು ತಿಳಕೊಂಡಿಲ್ಲ ಪದ್ಮಕ್ಕ. ನಮ್ಮ ದೇವರು ವರ್ಷಕ್ಕೊಮ್ಮೆ ಬಂದು ಹೋಗೋ ಬೀಗರು ಅಂತ ಅವರಿಗೆ ತೋರಿಸಿಕೊಟ್ಟಾಕಿ ನಾನ. ಇನ್ನ ಯಾವ ಬಾಯಿಲೆ ಪ್ರಾರ್ಥನೆ ಮಾಡ್ಲಿ?"

 ನಾನು ಅವಳ ಪಕ್ಕದಲ್ಲಿ ಕೂತು, ಚಳಿಗೆ ಸೆಟೆದಿದ್ದ ಅವಳ ಬರಿಗಾಲಿಗೆ ನನ್ನ ಶಾಲು ಹೊದಿಸಿದೆ.