ಖಲೀಲಣ್ಣ ನೋಡಿದ ನೀರು

ಖಲೀಲಣ್ಣ ಕೆಲಸ ಮಾಡುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಸಾಸಿವೆಗಿಂತ ತುಸುವೇ ದೊಡ್ಡದಾದ ತಾಮ್ರದ ಜಾಲರಿಯನ್ನು ಚಿಮುಟದಲ್ಲಿ ಎತ್ತಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಇಡುವತನಕ ತಾವೂ ಉಸಿರಾಡರು, ನಮ್ಮನ್ನೂ ಆಡಗೊಡರು. ಶಿರಾದಿಂದ ದಿನವೂ ಬಸ್ಸಿನಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದ ಆಪರೇಟರ್ ಅವರು. ಓದಿದ್ದು ಐಟಿಐ. ಆದರೂ ಪಿಎಚ್‌ಡಿಯವರ ತಲೆಗೂ ಮೊಟಕುವ ಸಲಿಗೆ, ನನಗದು ಸೇರುತ್ತಿರಲಿಲ್ಲ.

ನಾನು ದೊಡ್ಡೇರಿಯವಳು, ಆ ಪ್ರಯೋಗಾಲಯದಲ್ಲಿ ಸಂಶೋಧಕಿ. ಪಾವಗಡದ ಬೋರ್‌ವೆಲ್ ನೀರಿನಲ್ಲಿರುವ, ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಹೀರುವ ನ್ಯಾನೊಪುಡಿಯೊಂದನ್ನು ಮಾಡಿದ್ದೆ. ಪುಡಿ ನೀರಿನಲ್ಲಿ ಗಂಟುಗಂಟಾಗಿದ್ದರೆ ಸೋಸುಬಟ್ಟೆಯಲ್ಲಿ ನಿಲ್ಲುತ್ತದೆ. ಬಿಡಿಬಿಡಿಯಾಗಿದ್ದರೆ ಬಟ್ಟೆ ದಾಟಿ ಕುಡಿಯುವವರ ಹೊಟ್ಟೆ ಸೇರುತ್ತದೆ. ಒಂದು ಹನಿಯನ್ನು ಜಾಲರಿಯ ಮೇಲೆ ಒಣಗಿಸಿ ನೋಡಿದೆವು. ಪರದೆಯ ತುಂಬ ಗಂಟುಗಳು. ನಾನು ಹಿಗ್ಗಿದೆ. ಖಲೀಲಣ್ಣ ತಲೆ ಅಲ್ಲಾಡಿಸಿದರು.

“ಕೆರೆ ಬತ್ತಿದ್ ಮ್ಯಾಲೆ ಮೀನೆಲ್ಲ ಒಂದೇ ಗುಂಡೀಲಿ ಬಿದ್ದಿರ್ತವೆ ಕಣಮ್ಮ. ಅದ್ನ ನೋಡ್ಕಂಡು, ತುಂಬಿದ್ ಕೆರೇಲೂ ಇಂಗೇ ಇದ್ವು ಅಂದ್ರೆ ಹೆಂಗೆ?”

ಹನಿಯನ್ನು ಒಣಗಿಸದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೆಪ್ಪುಗಟ್ಟಿಸಿ, ಕಣಗಳು ನೀರಿನಲ್ಲಿದ್ದ ಹಾಗೆಯೇ ನೋಡಬೇಕು ಎಂದರು. ಹಾಗೆ ನೋಡುವ ಯಂತ್ರ ಬೇರೆಯೇ, ಅದಕ್ಕೆ ಒಂದು ತಿಂಗಳು ಸರದಿ ಕಾಯಬೇಕಿತ್ತು. ಪಾವಗಡದ ಕಡೆಯ ಶಾಲೆಯೊಂದಕ್ಕೆ ಫಿಲ್ಟರ್ ಕೊಡುವ ದಿನವೋ ಆಗಲೇ ಗೊತ್ತಾಗಿತ್ತು. ಈ ಮನುಷ್ಯನಿಗೆ ಎಲ್ಲದರಲ್ಲೂ ಕೊಂಕು ಎಂದುಕೊಂಡು ಫಿಲ್ಟರ್ ಹಾಕಿಸಿಬಿಟ್ಟೆ.

ನನ್ನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು, ಸರದಿ ಬಂದಾಗ, ಅವರೇ ಹೆಪ್ಪುಗಟ್ಟಿಸಿ ನೋಡಿದ್ದರು. ಚಿತ್ರ ತಂದು ನನ್ನ ಮೇಜಿನ ಮೇಲಿಟ್ಟರು. ಕಣಗಳೆಲ್ಲ ಬಿಡಿಬಿಡಿ. ಅಂದೇ ಶಾಲೆಗೆ ಓಡಿಹೋಗಿ ಫಿಲ್ಟರಿನ ನಲ್ಲಿ ಮುಚ್ಚಿಸಿದೆ. ಅಷ್ಟರಲ್ಲಿ ಮಕ್ಕಳು ಹತ್ತೊಂಬತ್ತು ದಿನ ಆ ನೀರು ಕುಡಿದಿದ್ದರು. ಏನೂ ಆಗಲಿಕ್ಕಿಲ್ಲ ಎಂದು ಬಲ್ಲವರೆಲ್ಲ ಅಂದರು. ಆಗುವುದೇ ಇಲ್ಲ ಎಂದು ಯಾರೂ ಅನ್ನಲಿಲ್ಲ. ನಾಚಿಕೆಯೋ ಭಯವೋ, ಆ ಶಾಲೆಯ ಕಡೆ ನಾನು ಮತ್ತೆ ತಲೆ ಹಾಕಲಿಲ್ಲ. ಖಲೀಲಣ್ಣನೂ ಆ ಮಾತೆತ್ತಲಿಲ್ಲ. ಒಂದು ಸಲ ಬೈದುಬಿಟ್ಟಿದ್ದರೆ ಹಗುರಾಗುತ್ತಿದ್ದೆ.

ನಿವೃತ್ತರಾಗಿ ಎರಡು ವರ್ಷಕ್ಕೆ ತೀರಿಕೊಂಡರು. ಶಿರಾದ ಅವರ ಮನೆಗೆ ಹೋದರೆ, ಆ ಶಾಲೆಯ ಹೆಡ್‌ಮೇಡಂ ನಡುಮನೆಯಲ್ಲಿ ಕೂತಿದ್ದಾರೆ. ನಾನು ತಲೆ ತಗ್ಗಿಸಿದೆ. ಅವರೇ ಎದ್ದುಬಂದು ನನ್ನ ಕೈ ಹಿಡಿದರು.

“ತಿಂಗ್ಳು ತಿಂಗ್ಳೂ ತಪ್ದಂಗೆ ಬರೋರು ಕಣಮ್ಮ. ಹೊಟ್ಟೆನೋವೈತಾ, ಊಟ ಸೇರ್ತೈತಾ ಅಂತ ಒಂದೊಂದ್ ಮಗೂನೂ ಕೇಳೋರು. ನೀವೇ ಕಳ್ಸಿರೋದು ಅನ್ನೋರು. ಇನ್ ಮ್ಯಾಲೆ ಯಾರ್ನ ಕಳಿಸ್ತೀರಾ?”

ನಾನೇ ಬರುತ್ತೇನೆ ಎಂದೆ. ಖಲೀಲಣ್ಣನನ್ನು ನಾನು ಒಂದು ಸಲವೂ ಕಳಿಸಿರಲಿಲ್ಲ.