ದೇವರ ಹತ್ತಿರ ಚಿಲ್ಲರೆ ಕೇಳುವವನು

ಅಂಗಡಿಯ ಮಾಲಾಗಿ ಬಂದಿದ್ದರೆ ವರ್ಲಿನ್ ಟಾಕೆಟ್‌ನನ್ನು ನಾನು ಇಳಿಸಿಕೊಳ್ಳುತ್ತಲೇ ಇರಲಿಲ್ಲ. ತಂದ ಲಾರಿಯಲ್ಲೇ ವಾಪಸು ಕಳಿಸುತ್ತಿದ್ದೆ. ಎತ್ತರ ಸಾಲದು, ಹೊಟ್ಟೆ ಹೆಚ್ಚು, ದನಿ ತೆಳು. ತಲೆಗೂದಲು ಹೋಗಿ ಟೋಪಿ ಮಾತ್ರ ಉಳಿದಿದೆ. ಆ ಟೋಪಿಯೂ ನನ್ನಂಗಡಿಯದೇ, ಬೀಜದ ಕಂಪನಿಯವರು ಪುಕ್ಕಟೆ ಹಂಚಿದ್ದು. ನೋಡಲು ಚೆನ್ನಾಗಿಲ್ಲದ ಮಾಲಿಗೆ ನಾವು ವ್ಯಾಪಾರಿಗಳು ‘ಗಟ್ಟಿಮುಟ್ಟು’ ಎಂಬ ಚೀಟಿ ಅಂಟಿಸಿ ಮುಂದಿನ ಸಾಲಿಗೆ ತಳ್ಳುವುದುಂಟು. ಇವನಿಗೆ ಆ ಚೀಟಿ ಅಂಟಿಸಲೂ ಕೈ ಬರುವುದಿಲ್ಲ, ಯಾಕೆಂದರೆ ಮಂಡಿ ಎರಡೂ ಹಾಳಾಗಿವೆ.

ಇಂಥವನು ನಮ್ಮ ಹಾರ್ಡಿನ್ ವೆಲ್ಸ್ ಹೈಸ್ಕೂಲಿನ ಫುಟ್‌ಬಾಲ್ ಕೋಚ್. ನಮ್ಮ ಕಡೆ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು, ಎದುರಿನವರ ಗೆರೆ ದಾಟಿಸುವ ಆಟ. ಪಶ್ಚಿಮ ಟೆಕ್ಸಸ್ಸಿನ ಈ ಬಯಲಿನಲ್ಲಿ ಶುಕ್ರವಾರ ಸಂಜೆ ಫುಟ್‌ಬಾಲ್, ಭಾನುವಾರ ಬೆಳಿಗ್ಗೆ ಚರ್ಚು, ಮಿಕ್ಕಿದ್ದೆಲ್ಲ ಹತ್ತಿ. ಗೆಲ್ಲುವಷ್ಟು ಕಾಲ ಕೋಚ್ ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಮೇಲೆ. ಸೋತರೆ ಪಾದ್ರಿಯ ನಾಯಿಗಿಂತ ಕೆಳಗೆ. ವರ್ಲಿನ್ ಒಂದು ಗೆದ್ದು ಒಂದು ಸೋಲುವ ಜಾತಿ. ಹೊಗಳುವ ಹಾಗೂ ಇಲ್ಲ, ಓಡಿಸುವ ಹಾಗೂ ಇಲ್ಲ. ಊರಿಗೆ ಇದಕ್ಕಿಂತ ದೊಡ್ಡ ಹಿಂಸೆ ಬೇರೆ ಇಲ್ಲ.

ಜನಕ್ಕೆ ಬೇಕಾದ್ದು ಉದ್ದನೆಯ ಎಸೆತ. ಚೆಂಡು ದೀಪದ ಕಂಬದ ಎತ್ತರ ಹಾರಬೇಕು, ಅಷ್ಟು ದೂರದಲ್ಲಿ ಒಬ್ಬ ಓಡಿಹೋಗಿ ಹಿಡಿಯಬೇಕು, ಹೆಂಗಸರು ಕಿರುಚಬೇಕು, ಮುದುಕರು ಹ್ಯಾಟು ಕಳೆದುಕೊಳ್ಳಬೇಕು. ವರ್ಲಿನ್ ಆಡಿಸುವುದು ಗಿಡ್ಡ ಎಸೆತ. ನಾಲ್ಕು ಗಜ. ಹಿಡಿ, ಬೀಳು, ಏಳು. ಮತ್ತೆ ನಾಲ್ಕು ಗಜ. ನಾಲ್ಕು ಸರದಿಯೊಳಗೆ ಹತ್ತು ಗಜ ದಾಟಿದರೆ ಚೆಂಡು ನಮ್ಮ ಹತ್ತಿರವೇ ಉಳಿದು ಇನ್ನು ನಾಲ್ಕು ಸರದಿ ಸಿಗುತ್ತದೆ ಎಂಬುದು ಆಟದ ಕಟ್ಟಳೆ. ಆ ಕಟ್ಟಳೆಯನ್ನು ಇವನು, ಮುದುಕಿ ಕಾಫಿಗೆ ಸಕ್ಕರೆ ಹಾಕುವ ಹಾಗೆ, ಅಳೆದೂ ಅಳೆದೂ ಬಳಸುತ್ತಾನೆ. ದುಡ್ಡು ಕೊಟ್ಟು ಒಳಗೆ ಹೋಗಿ ಅವನ ಆಟ ನೋಡುವುದೂ ಒಂದೇ, ಪಕ್ಕದ ಮನೆಯವರು ಸ್ವೆಟರ್ ಹೆಣೆಯುವುದನ್ನು ನೋಡುತ್ತ ಕೂರುವುದೂ ಒಂದೇ.

“ಯಾಕಯ್ಯಾ ಹೀಗೆ?” ಅಂತ ನಾನೇ ಒಮ್ಮೆ ಕೇಳಿದ್ದೆ.

“ನಮ್ಮ ಹುಡುಗ್ರು ಸಣ್ಣೋರು, ಮಿಸ್ಟರ್ ಹಾಲಿಸ್. ಎದುರಿಗೆ ಬರೋವು ಆನೆಮರಿಗಳು. ನಮ್ಮೋರು ಎರಡು ಉಸಿರು ಅವರನ್ನ ತಡೀತಾರೆ, ಮೂರನೇ ಉಸಿರಿಗೆ ಆಗಲ್ಲ. ಅಷ್ಟರೊಳಗೆ ಚೆಂಡು ಕೈಬಿಟ್ಟಿರಬೇಕು.”

ಇಷ್ಟೇ ಆಗಿದ್ದರೆ ಜಾಣತನ ಅನ್ನಬಹುದಿತ್ತು. ಆದರೆ ಚೆಂಡನ್ನು ಇವನು ಎಸೆಸುವುದು ಯಾರೂ ಇಲ್ಲದ ಜಾಗಕ್ಕೆ. ಹಿಡಿಯಬೇಕಾದ ಹುಡುಗ ಇನ್ನೂ ಬೆನ್ನು ತಿರುಗಿಸಿಕೊಂಡು ಓಡುತ್ತಿರುತ್ತಾನೆ, ಆಗಲೇ ಚೆಂಡು ಹೊರಟುಬಿಡಬೇಕು. ಅವನು ತಿರುಗುವ ಹೊತ್ತಿಗೆ ಚೆಂಡು ಅಲ್ಲಿರಬೇಕು. ಅಭ್ಯಾಸದ ಮೈದಾನ ನನ್ನ ಗೋದಾಮಿನ ಹಿಂದೆಯೇ ಇರುವುದರಿಂದ ಈ ಪಾಠ ನನಗೂ ಬೇಡದಿದ್ದರೂ ಕೇಳಿಸುತ್ತದೆ.

“ಅಲ್ಲಿ ಯಾರೂ ಇಲ್ವಲ್ಲ, ಕೋಚ್!” ಎಂದು ಎಸೆಯುವ ಹುಡುಗ ಕ್ಲೇ ಗೋಳಾಡುತ್ತಿದ್ದ.

“ಬರ್ತಾನೆ ಮಗಾ. ಅವನು ಬಂದ ಮೇಲೆ ಎಸೆದ್ರೆ ನಿನ್ನ ಪಕ್ಕೆ ಮುರಿದಿರತ್ತೆ. ಬರ್ತಾನೆ ಅಂತ ಎಸಿ.”

ಈ ಕ್ಲೇ, ಊರಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಯಜಮಾನ ಬಫರ್ಡ್ ಕ್ರೇನ್‌ನ ಮಗ. ಬಫರ್ಡ್ ಶಾಲೆಯ ಮಂಡಳಿಗೆ ಅಧ್ಯಕ್ಷ, ಚರ್ಚಿನಲ್ಲಿ ಮುಂದಿನ ಬೆಂಚು, ನನ್ನಂಗಡಿಗೆ ಎಲ್ಲರಿಗಿಂತ ದೊಡ್ಡ ಗಿರಾಕಿ. ಮಗನ ತೋಳು ಫಿರಂಗಿಯಂಥದ್ದು, ಉದ್ದ ಎಸೆದರೆ ದೊಡ್ಡ ಕಾಲೇಜಿನವರು ನೋಡಿ ಎತ್ತಿಕೊಂಡು ಹೋಗುತ್ತಾರೆ, ಈ ಬೋಳುತಲೆಯವನು ಹುಡುಗನ ಕೈಯಲ್ಲಿ ಬಟಾಣಿ ಎಸೆಸುತ್ತಿದ್ದಾನೆ ಎಂಬುದು ಅವನ ಹೊಟ್ಟೆಯುರಿ.

ಆಟದ ಹಾಗೆಯೇ ವರ್ಲಿನ್‌ನ ಭಕ್ತಿ. ನಮ್ಮೂರಿನ ಮಿಕ್ಕವರೆಲ್ಲ ದೇವರನ್ನು ಸಗಟು ವ್ಯಾಪಾರಿ ಎಂದು ತಿಳಿದು ದೊಡ್ಡ ಆರ್ಡರು ಕೊಡುತ್ತಾರೆ. ಇವನೊಬ್ಬ ಅವನನ್ನು ಚಿಲ್ಲರೆ ಅಂಗಡಿಗೆ ಇಳಿಸಿಬಿಟ್ಟಿದ್ದಾನೆ. ಹೆಂಡತಿ ಓಪಲ್‌ಗೆ ರಕ್ತದ ಕಾಯಿಲೆ. ವಾರ ಬಿಟ್ಟು ವಾರ ಮಂಗಳವಾರ ಲಬ್ಬಕ್‌ಗೆ ಹೋಗಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬರಬೇಕು. ಖರ್ಚು ಕೊಡುವುದು ಶಾಲೆಯ ಕೆಲಸದ ಜೊತೆ ಬಂದ ವಿಮೆ. ಮೈದಾನದ ಪಕ್ಕದ ಮನೆಯೂ ಶಾಲೆಯದೇ. ಕೆಲಸ ಹೋದರೆ ಎರಡೂ ಹೋದ ಹಾಗೆ, ಮೊದಲೇ ಇರುವ ಕಾಯಿಲೆಗೆ ಹೊಸ ವಿಮೆಯವನು ಬಾಗಿಲು ತೆರೆಯುವುದಿಲ್ಲ. ಇಷ್ಟೆಲ್ಲ ಇದ್ದೂ ಈ ಮನುಷ್ಯ ‘ಕಾಯಿಲೆ ವಾಸಿ ಮಾಡು’ ಎಂದು ಬೇಡಿದ್ದನ್ನು ಯಾರೂ ಕೇಳಿಲ್ಲ. ‘ಈ ಮಂಗಳವಾರ ದಾಟಿಸು’ ಎನ್ನುತ್ತಾನೆ. ದಾಟಿದ ಮೇಲೆ ಮುಂದಿನದು.

“ಒಂದೇ ಸಲ ಎಲ್ಲ ಕೇಳಿಬಿಡಬಾರದೇನಮ್ಮಾ ನಿನ್ನ ಗಂಡ?” ಎಂದು ನಾನು ಓಪಲ್‌ಳನ್ನು ಕೆಣಕಿದ್ದೆ.

“ಕಿರಾಣಿಗೆ ಇವರನ್ನ ಕಳಿಸಿದ್ರೂ ಒಂದೇ ಮೊಟ್ಟೆ ತರ್ತಾರೆ ಹಾಲಿಸ್,” ಅಂದಳು ಆಕೆ. “ಆದ್ರೆ ಒಡೆದಿದ್ದು ಒಂದೂ ತಂದಿಲ್ಲ.”

ಹೆಂಡತಿಯ ಸಾಕ್ಷಿಗೆ ನಾನು ಬೆಲೆ ಕೊಡುವವನಲ್ಲ.

ಇಲ್ಲಿ ನನ್ನ ಕಾಲಿನ ವಿಷಯ ಹೇಳಬೇಕು. ನಾನು ಹೇಳುತ್ತಿರುವ ವರ್ಷ ಚಳಿ ಕಳೆಯುವ ಹೊತ್ತಿಗೆ ನನಗೆ ಲಕ್ವ ಹೊಡೆದು ಎಡಗಾಲು ನನ್ನ ಮಾತು ಕೇಳುವುದನ್ನು ನಿಲ್ಲಿಸಿತ್ತು. ಪಾದ್ರಿ ಬಂದು, ಈತ ಕುದುರೆಯಂತೆ ಓಡಲಿ ಎಂದು ಅರ್ಧ ಗಂಟೆ ಪ್ರಾರ್ಥಿಸಿದರು. ಕಾಲು ಸರಿಯಿದ್ದಾಗಲೂ ನಾನು ಓಡಿದವನಲ್ಲ. ಬಫರ್ಡ್ ಹೂವಿನ ಬುಟ್ಟಿ ಕಳಿಸಿದ. ವರ್ಲಿನ್ ಮಾತ್ರ ಬೆಳಗಾಗುತ್ತಲೇ, ಶಾಲೆಗೆ ಮುಂಚೆ, ಅಂಗಡಿಗೆ ಬಂದ. ಕೊಂಡದ್ದು ಏನೂ ಇಲ್ಲ.

“ಮೊಳೆ ಡಬ್ಬದ ತನಕ ಹೋಗಿಬರೋಣ,” ಅಂದ.

“ಬಾಗಿಲ ತನಕ ಹೋಗಬೇಕು ನಾನು.”

“ಬಾಗಿಲು ಆಮೇಲೆ. ಇವತ್ತು ಮೊಳೆ ಡಬ್ಬ.”

ನಾನು ಕಾಲನ್ನೇ ದಿಟ್ಟಿಸಿದೆ. ಅದು ಅಲ್ಲೇ ಬಿದ್ದುಕೊಂಡಿತ್ತು, ಮಾರಾಟವಾಗದ ಗೊಬ್ಬರದ ಚೀಲದ ಹಾಗೆ.

“ಕಾಲು ನೋಡಬೇಡಿ, ಮಿಸ್ಟರ್ ಹಾಲಿಸ್. ನೀವು ಹೊರಡಿ, ಕಾಲು ಬರತ್ತೆ.”

“ಬರದಿದ್ರೆ?”

“ಬೀಳ್ತೀರಿ, ಎತ್ತೋಕೆ ನಾನಿದೀನಿ. ಒಂದು ಸಲ ಬಿದ್ದಿದ್ದಕ್ಕೆ ಯಾರೂ ಚೆಂಡು ಕಿತ್ಕೊಳ್ಳಲ್ಲ. ಇನ್ನೂ ಮೂರು ಸರದಿ ಇರ್ತವೆ.”

ಬಿದ್ದೆ. ಬೈದೆ. ಮರುದಿನ ಮತ್ತೆ ಬಂದ. ಬೇಸಿಗೆ ಮುಗಿಯುವವರೆಗೂ ಹೀಗೇ ಬಂದು, ಮೊಳೆ ಡಬ್ಬ, ಬಣ್ಣದ ಡಬ್ಬ, ಹಗ್ಗದ ಸುರುಳಿ ಎಂದು ನನ್ನದೇ ಅಂಗಡಿಯಲ್ಲಿ ನನ್ನನ್ನು ಕಂತುಕಂತಾಗಿ ನಡೆಸಿದ. ಅಷ್ಟು ಬೇಜಾರಿನ ಬೇಸಿಗೆಯನ್ನು ನಾನು ಕಂಡಿಲ್ಲ.

ಆ ವರ್ಷದ ಕಡೆಯ ಆಟ, ಪಕ್ಕದ ಸ್ಲೇಡನ್ ಊರಿನ ಮೇಲೆ. ಅಲ್ಲಿ ಎಣ್ಣೆ ಬಾವಿಯ ದುಡ್ಡಿದೆ, ಹುಡುಗರು ಬಾವಿಯ ಯಂತ್ರಗಳಷ್ಟೇ ದಪ್ಪ. ಆ ವಾರ ಬಫರ್ಡ್ ನನ್ನ ಗಲ್ಲಾದ ಮೇಲೆ ಮೊಣಕೈ ಊರಿ ಹೇಳಿದ: “ಶುಕ್ರವಾರ ಗೆಲ್ಲಲಿಲ್ಲ ಅಂದ್ರೆ ಸೋಮವಾರ ಮಂಡಳಿಯಲ್ಲಿ ಇವನ ಗಂಟುಮೂಟೆ ಕಟ್ಟಿಸ್ತೀನಿ. ನೀನೂ ಮಂಡಳಿಯಲ್ಲಿದೀಯ ಹಾಲಿಸ್. ನಾನು ಸರಕು ಎಲ್ಲಿಂದ ತಗೊಳ್ತೀನಿ ಅನ್ನೋದು ನಿನಗೆ ಜ್ಞಾಪಕ ಇರತ್ತೆ ತಾನೇ?”

ನನಗೆ ಜ್ಞಾಪಕಶಕ್ತಿ ಚೆನ್ನಾಗಿದೆ. ಅದು ಕಾಲಿನಲ್ಲಿರುವುದಿಲ್ಲ.

ಬುಧವಾರ ಚರ್ಚಿನಲ್ಲಿ ಊಟ. ಕರಿದ ಕೋಳಿ, ಹುರುಳಿಕಾಯಿ, ಮುಸುಕಿನ ಜೋಳದ ರೊಟ್ಟಿ, ಆಮೇಲೆ ತಂಡಕ್ಕಾಗಿ ಪ್ರಾರ್ಥನೆ. ಪಾದ್ರಿ ಸ್ಲೇಡನ್ನಿನವರ ಮೇಲೆ ಮಿಂಚು ಸಿಡಿಲು ಬಿಟ್ಟು ಮಿಕ್ಕೆಲ್ಲ ಬೀಳುವ ಹಾಗೆ ಬೇಡಿಕೊಂಡರು. ಬಫರ್ಡ್ ಕಣ್ಣೊರೆಸಿಕೊಂಡು, “ಪ್ರಭುವೇ, ಈ ಹುಡುಗರ ಕೈಗೆ ನಿನ್ನ ಬಲ ತುಂಬು, ಚೆಂಡು ದೂರ ಹಾರಲಿ,” ಎಂದ. ದೇವರಿಗೂ ಅವನು ಆಟ ಹೇಳಿಕೊಟ್ಟ ಹಾಗಿತ್ತು. ಆಮೇಲೆ ಕೋಚ್‌ನನ್ನು ಎಬ್ಬಿಸಿದರು. ವರ್ಲಿನ್ ಟೋಪಿ ತೆಗೆದು, “ಕರ್ತನೇ, ಕೋಳಿ ಚೆನ್ನಾಗಿತ್ತು. ಮೊದಲ ನಾಲ್ಕು ಗಜ ಕೊಡು. ಆಮೆನ್,” ಎಂದು ಕೂತ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಫರ್ಡ್‌ಗೆ ತಡೆಯಲಾಗಲಿಲ್ಲ. “ಬ್ರದರ್ ವರ್ಲಿನ್, ಸಮುದ್ರ ಸೀಳಿದ ದೇವರ ಹತ್ರ ನಾಲ್ಕು ಗಜ ಕೇಳ್ತೀಯಲ್ಲ, ನಾಚಿಕೆ ಆಗಲ್ವ?”

“ಮುಂದಿನ ನಾಲ್ಕು ಆಮೇಲೆ ಕೇಳ್ತೀನಿ, ಬ್ರದರ್ ಬಫರ್ಡ್. ಅವನೆಲ್ಲಿಗೂ ಹೋಗಲ್ಲ.”

ಶುಕ್ರವಾರ ಇಡೀ ಊರು ಮೈದಾನದಲ್ಲಿತ್ತು. ಬೇಲಿಗೆ ತಾಗಿದ ಹಾಗೆ ಕಾರು ನಿಲ್ಲಿಸಿ ಓಪಲ್ ಒಳಗೆ ಕಂಬಳಿ ಹೊದ್ದು ಕೂತಿದ್ದಳು, ನಮ್ಮವರು ಹತ್ತು ಗಜ ದಾಟಿದಾಗಲೆಲ್ಲ ಒಂದು ಹಾರ್ನ್ ಹೊಡೆಯುವುದು ಆಕೆಯ ಪದ್ಧತಿ. ಆಟದ ಕೊನೆ ಹತ್ತಿರವಾದಾಗ ನಾವು ನಾಲ್ಕು ಅಂಕ ಹಿಂದೆ, ಚೆಂಡು ನಮ್ಮ ಕೈಯಲ್ಲಿ, ದಾಟಿದರೆ ಗೆಲ್ಲುವ ಗೆರೆ ಮೈದಾನದ ಆ ತುದಿಯಲ್ಲಿ.

ವರ್ಲಿನ್ ಶುರು ಮಾಡಿದ. ನಾಲ್ಕು ಗಜ. ಐದು. ಮೂರು. ಹಾರ್ನ್. ಸ್ಲೇಡನ್ನಿನ ಆನೆಮರಿಗಳು ಕ್ಲೇ ಮೇಲೆ ನುಗ್ಗುವ ಹೊತ್ತಿಗೆ ಅವನ ಕೈ ಬರಿದು. ನಾಲ್ಕು. ಆರು. ಹಾರ್ನ್. ದಪ್ಪ ಹುಡುಗರು ಸುಮ್ಮನೆ ಓಡಿ ಓಡಿ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡತೊಡಗಿದರು. ನೋಡಲು ಚಂದವಿರಲಿಲ್ಲ. ಆದರೆ ಗೆರೆ ಹತ್ತಿರ ಬರುತ್ತಿತ್ತು, ಗಡಿಯಾರವೂ.

“ಎಸೆಯೋ ಉದ್ದಕ್ಕೆ!” ಬೇಲಿಯ ಮೇಲೆ ಹತ್ತಿ ಬಫರ್ಡ್ ಕೂಗಿದ. “ನಿಮ್ಮಪ್ಪ ಹೇಳ್ತಿದೀನಿ, ಎಸಿ!” ಜನವೆಲ್ಲ ಅದನ್ನೇ ಕೂಗಿತು. ಕ್ಲೇ ಅಪ್ಪನನ್ನು ನೋಡಿದ, ಕೋಚ್‌ನನ್ನು ನೋಡಿದ. ವರ್ಲಿನ್ ನಾಲ್ಕು ಬೆರಳು ಎತ್ತಿದ.

ಕೊನೆಯ ಸರದಿಗೆ ಕ್ಲೇ ಯಾರೂ ಇಲ್ಲದ ಜಾಗಕ್ಕೆ ಎಸೆದ. ಹಿಡಿಯುವ ಹುಡುಗ ತಿರುಗಿದ, ಚೆಂಡು ಅಲ್ಲೇ ಇತ್ತು, ಹಿಡಿದ. ಇಬ್ಬರು ಅವನ ಮೇಲೆ ಬಿದ್ದರು. ಗೆರೆಗೆ ಎರಡು ಗಜ ಉಳಿದಿದ್ದಾಗ ಹೊತ್ತು ಮುಗಿಯಿತು.

ಸೋತೆವು. ಬಫರ್ಡ್ ಮೈದಾನಕ್ಕೆ ಇಳಿದು ಬಂದ. “ಎರಡು ಗಜ! ಆ ಎರಡು ಗಜ ದೇವರ ಹತ್ರ ಕೇಳೋಕೆ ಬಾಯಿರಲಿಲ್ವ ನಿನಗೆ?”

“ಕೇಳಿದೆ,” ಅಂದ ವರ್ಲಿನ್. “ಇವತ್ತು ಇಲ್ಲ ಅಂದ.” ಆಮೇಲೆ ಬಗ್ಗಿ ನೀರಿನ ಬಾಟಲಿಗಳನ್ನು ಆರಿಸತೊಡಗಿದ. ಸೋತ ಮನುಷ್ಯ ಕನಿಷ್ಠ ಟೋಪಿಯನ್ನಾದರೂ ನೆಲಕ್ಕೆ ಬಡಿಯಬೇಕು. ಇವನಿಗೆ ಅದೂ ಬರುವುದಿಲ್ಲ.

ಸೋಮವಾರ ಶಾಲೆಯ ಗ್ರಂಥಾಲಯದಲ್ಲಿ ಮಂಡಳಿ ಸೇರಿತು. ವರ್ಲಿನ್ ಹಿಂದೆ, ಕಾಫಿ ಪಾತ್ರೆಯ ಪಕ್ಕ ನಿಂತಿದ್ದ. ಓಪಲ್ ಕುರ್ಚಿಯಲ್ಲಿದ್ದಳು. ಮಾರನೆಯ ದಿನ ಆಕೆಯ ಲಬ್ಬಕ್ಕಿನ ಮಂಗಳವಾರ. ಕೈ ಎತ್ತಿ ಎಂದರೆ ನಿದ್ದೆಯಲ್ಲಿರುವವರೂ ಎತ್ತಿಬಿಡುತ್ತಾರೆಂದು ನಮ್ಮಲ್ಲಿ ಎದ್ದು ನಿಂತು ಓಟು ಹಾಕುವ ಪದ್ಧತಿ.

“ಕೋಚ್ ಇರಲಿ ಅನ್ನೋರು ಏಳಿ,” ಅಂದ ಬಫರ್ಡ್, ಏಳುವವರ ಹೆಸರು ಮನಸ್ಸಿನಲ್ಲಿ ಬರೆದುಕೊಳ್ಳುವವನ ಹಾಗೆ.

ಮೂವರು ಎದ್ದರು. ಬಫರ್ಡ್ ಸೇರಿ ಮೂವರು ಕೂತಿದ್ದರು. ಏಳನೆಯವನು ನಾನು.

ವ್ಯಾಪಾರಿಯಾಗಿ ನೋಡಿದರೆ ಲೆಕ್ಕ ಸುಲಭ. ಒಂದು ಕಡೆ ಮಿಲ್ಲಿನ ಇಡೀ ವರ್ಷದ ಗಿರಾಕಿ, ಇನ್ನೊಂದು ಕಡೆ ಬೇಸಿಗೆಯೆಲ್ಲ ಬಂದು ಒಂದು ಮೊಳೆಯನ್ನೂ ಕೊಳ್ಳದವನು. ಕೂತಿರುವುದಕ್ಕೆ ನಾನು ಏನೂ ಮಾಡಬೇಕಾಗಿರಲಿಲ್ಲ, ನನ್ನ ಕಾಲೇ ನೆಪವಾಗಿತ್ತು. ಪಾಪ, ಏಳಲಾಗಲಿಲ್ಲ ಎಂದು ಊರು ಅಂದುಕೊಳ್ಳುತ್ತಿತ್ತು. ಇಷ್ಟು ಅಗ್ಗದ ನೆಪ ಯಾರಿಗೂ ಸಿಕ್ಕಿರಲಾರದು.

ಕೋಲು ಊರಿದೆ. ಎಡಗಾಲನ್ನು ನೋಡಿದೆ. ಅದು ಎಂದಿನಂತೆ ಅಲ್ಲಾಡಲಿಲ್ಲ.

“ಕಾಲು ನೋಡಬೇಡಿ, ಮಿಸ್ಟರ್ ಹಾಲಿಸ್,” ಹಿಂದಿನಿಂದ ಆ ತೆಳು ದನಿ ಬಂತು.

“ಕೋಚ್! ಇಲ್ಲಿ ನೀನು ಓಟು ಕೇಳೋ ಹಾಗಿಲ್ಲ!” ಬಫರ್ಡ್ ಮೇಜು ಗುದ್ದಿದ.

“ಅವರು ಎಲ್ಲಿ ಓಟು ಕೇಳಿದ್ರು, ಬಫರ್ಡ್?” ಓಪಲ್ ಅಂದಳು. “ಮನುಷ್ಯ ಬೀಳ್ತಾನೆ ಅಂತ ಹೇಳಿದ್ರು.”

ಅದು ನಿಜವೇ. ನಾನು ಓಟಿಗೆ ಏಳುತ್ತಿದ್ದೆನೋ ಕಕ್ಕಸಿಗೆ ಏಳುತ್ತಿದ್ದೆನೋ ಹಿಂದೆ ನಿಂತಿದ್ದ ಆ ಪೆದ್ದನಿಗೇನು ಗೊತ್ತು? ನಾನು ಕಾಲು ನೋಡುವುದು ಬಿಟ್ಟು ಬಫರ್ಡ್‌ನ ಮುಖ ನೋಡಿದೆ. ಹೊರಟೆ. ಕಾಲು ಬಂತು.

ಎದ್ದು ನಿಂತವನು ಅವರು ಎಣಿಸುವವರೆಗೂ ನಿಂತಿದ್ದೆ.

ಬಫರ್ಡ್ ಈಗ ಸರಕೆಲ್ಲ ಲಬ್ಬಕ್ಕಿನಿಂದ ತರಿಸುತ್ತಾನೆ. ಅವನ ವ್ಯಾಪಾರ ತಪ್ಪಿದ ಮೇಲೆ ನಾನು ಬಿಡಿ ಮೊಳೆ, ಬಿಡಿ ತಿರುಪು, ಅರ್ಧ ಚೀಲ ಕೋಳಿ ಕಾಳು ಮಾರಿಕೊಂಡು ಅಂಗಡಿ ನಡೆಸುತ್ತಿದ್ದೇನೆ. ಚಿಲ್ಲರೆ ವ್ಯಾಪಾರ ಬೇಜಾರಿನದು, ಆದರೆ ಸಂಜೆಯ ಹೊತ್ತಿಗೆ ಹೇಗೋ ಊಟ ಹುಟ್ಟುತ್ತದೆ. ಕ್ಲೇಗೆ ಸಣ್ಣದೊಂದು ಕಾಲೇಜು ಸಿಕ್ಕಿತು. ಚೆಂಡನ್ನು ಬೇಗ ಕೈಬಿಡುವ ಹುಡುಗ ಬೇಕಿತ್ತಂತೆ ಅವರಿಗೆ. ಇದನ್ನು ಬಫರ್ಡ್‌ನ ಮುಂದೆ ಯಾರೂ ಎತ್ತುವುದಿಲ್ಲ. ವರ್ಲಿನ್ ಈಗಲೂ ಒಂದು ಗೆದ್ದು ಒಂದು ಸೋಲುತ್ತಾನೆ. ಓಪಲ್‌ಳನ್ನು ಈಗಲೂ ಒಂದೊಂದೇ ಮಂಗಳವಾರ ದಾಟಿಸಿಕೊಂಡು ಬರುತ್ತಿದ್ದಾನೆ, ಅದಕ್ಕಿಂತ ಹೆಚ್ಚು ಈಗಲೂ ಕೇಳುವುದಿಲ್ಲ. ಅವನ ಆಟ ಮೊದಲಿಗಿಂತ ಬೇಜಾರಾಗಿದೆ. ಒಳ್ಳೆಯ ಕೋಚ್ ಎಂದು ನಾನು ಯಾರ ಮುಂದೆಯೂ ಹೇಳಿಲ್ಲ, ಹೇಳುವುದೂ ಇಲ್ಲ.

ಆದರೆ ನಾನು ಬೆಳಿಗ್ಗೆ ಗಲ್ಲಾದಿಂದ ಎದ್ದು ಬಾಗಿಲ ತನಕ ನಡೆದುಹೋಗಿ ನನ್ನ ಕೈಯಾರೆ ಅಂಗಡಿ ತೆರೆಯುತ್ತೇನೆ. ಆ ನಡಿಗೆ ವರ್ಲಿನ್ ಟಾಕೆಟ್ ಕೊಟ್ಟದ್ದು.